ನಕಲು ಪ್ರತಿಯೂ ಪರರ ಸೊತ್ತೇ

ಅಂಗಡಿಯ ಅಕ್ಕಿ ಕದ್ದರೆ ಮೂಟೆ ಬರಿದಾಗುತ್ತದೆ; ಪುಸ್ತಕವನ್ನು ಪಿಡಿಎಫ್ ಮಾಡಿ ನಂದಿಗುಡಿಯಿಂದ ಹರಿಹರದವರೆಗೆ ವಾಟ್ಸಪ್‌ನಲ್ಲಿ ಹಂಚಿದರೆ ಏನು ಬರಿದಾಯಿತು ಎನ್ನುವಿರಾ? ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗುವುದೇ ಹೆಚ್ಚೆಂದರೆ ಸಾವಿರ ಪ್ರತಿ. ಅದರಲ್ಲಿ ಇನ್ನೂರು ಮಾರಾಟವಾಗದೆ ಉಳಿದರೆ ಅನುವಾದಕನ ಸಂಭಾವನೆ, ಮುದ್ರಣಾಲಯದ ಬಾಕಿ ಎರಡೂ ನಿಂತುಹೋಗುತ್ತವೆ. ಮುಂದಿನ ಪುಸ್ತಕ ಹೊರಬರುವುದೇ ಇಲ್ಲ.

ಧಾರ್ಮಿಕ ಗ್ರಂಥವಾದರೆ ಹಂಚುವುದು ಪುಣ್ಯವಲ್ಲವೇ ಎಂಬ ವಾದವೂ ಉಂಟು. ಆದರೆ ಲೇಖಕರ ಹಕ್ಕಿಗೆ ಶರೀಅತ್‌ನ ರಕ್ಷಣೆಯಿದೆ, ಅದನ್ನು ಉಲ್ಲಂಘಿಸುವುದು ಸಲ್ಲದು ಎಂದು 1988ರಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ ತೀರ್ಮಾನಿಸಿದೆ. ಒಡೆಯ ಒಪ್ಪದ ದಾನ ದಾನವಾದೀತೇ?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆವಾಸವಿದೆ. 2014ರಲ್ಲಿ ಕರ್ನಾಟಕವು ಡಿಜಿಟಲ್ ಅಪರಾಧಿಗಳನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೂ ತಂದಿತು. ಇನ್ನು ಪುಕ್ಕಟೆ ಸಿನಿಮಾದ ಆಸೆ ತೋರಿಸಿ ಬರುವ ಕಳ್ಳ ಆ್ಯಪ್, ನಿಮಗೆ ಬರುವ ಬ್ಯಾಂಕಿನ ಒಟಿಪಿಯನ್ನೂ ಓದಬಲ್ಲದು. ಮಗನ ಫೋನನ್ನು ಇಂದೇ ಒಮ್ಮೆ ನೋಡಿ.