ನೀರಿನ ರಾಕೆಟ್ ಹಾರಿಸುವ ಮುನ್ನ

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ಇವು ಹತ್ತಿರವಾದಂತೆ ಯುವಕ ಸಂಘಗಳಲ್ಲಿ, ಸ್ಕೌಟ್ಸ್ ದಳಗಳಲ್ಲಿ, ಶಾಲೆಯ ವಿಜ್ಞಾನ ಸಂಘಗಳಲ್ಲಿ ‘ನಾವೂ ಒಂದು ರಾಕೆಟ್ ಹಾರಿಸೋಣ’ ಎಂಬ ಮಾತು ಏಳುತ್ತದೆ. ಖಂಡಿತ ಹಾರಿಸಿ. ಆದರೆ ಯಾವ ರಾಕೆಟ್ ಎಂಬುದು ಮೊದಲು ತೀರ್ಮಾನವಾಗಲಿ.

ಮದ್ದಿನ ರಾಕೆಟ್ ಬೇಡವೇ ಬೇಡ. 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಸ್ಫೋಟಕ ತಯಾರಿಸಲು ಪರವಾನಗಿ ಬೇಕು. ‘ಸ್ವಲ್ಪವೇ ತಾನೆ, ಮಕ್ಕಳ ಪ್ರಯೋಗ ತಾನೆ’ ಎಂದರೆ ಮದ್ದು ಕೇಳುವುದಿಲ್ಲ. ಪಟಾಕಿಯ ಪುಡಿ, ಬೆಂಕಿಕಡ್ಡಿಯ ಮದ್ದು ಬಳಸುವ ವಿಡಿಯೊಗಳನ್ನು ಮಕ್ಕಳು ನೋಡಿಯೇ ಇರುತ್ತಾರೆ. ಯಾಕೆ ಬೇಡ ಎಂದು ಮೊದಲ ಸಭೆಯಲ್ಲೇ ಕೂರಿಸಿಕೊಂಡು ಹೇಳಿ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಹುಡುಗರು ಮನೆಯಲ್ಲೇ ಕೊಳವೆಗೆ ಮದ್ದು ತುಂಬಲು ಹೋಗಿ ಗಾಯಗೊಂಡರು. ಅಲ್ಲಿನ ರಾಕೆಟ್ ಎಂಜಿನಿಯರ್ ಜಿ. ಹ್ಯಾರಿ ಸ್ಟೈನ್ ಅವರಂಥವರು ಮಾದರಿ ರಾಕೆಟ್‌ಗಳಿಗೆ ಸುರಕ್ಷತಾ ಸಂಹಿತೆ ಕಟ್ಟಿದ್ದು ಇಂಥ ಅನಾಹುತಗಳನ್ನು ತಡೆಯಲೆಂದೇ. ಅದರ ಶಿಸ್ತು ನಮಗೂ ಬೇಕು, ಮದ್ದು ಬೇಡ.

ನಮ್ಮ ಮಕ್ಕಳಿಗೆ ತಕ್ಕದ್ದು ನೀರಿನ ರಾಕೆಟ್. ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಸೈಕಲ್ ಪಂಪಿನಿಂದ ಒತ್ತಿದ ಗಾಳಿ. ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ಬಾಟಲಿ ಮೇಲಕ್ಕೆ ಚಿಮ್ಮುತ್ತದೆ. ಇಸ್ರೊ ಕೇಂದ್ರಗಳೂ ಶಾಲಾ ಮಕ್ಕಳಿಗೆ ಇದರ ಸ್ಪರ್ಧೆ ನಡೆಸಿವೆ. ಹಾಗೆಂದು ಇದು ಆಟಿಕೆಯಲ್ಲ. 30 ಮೀಟರ್ ಏರಬೇಕಾದರೆ ಬಾಟಲಿ ಗಂಟೆಗೆ 80 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ನೆಲ ಬಿಡಬೇಕು. ಆ ವೇಗದ ಬಾಟಲಿ ಮುಖಕ್ಕೆ ಬಡಿದರೆ ಏನಾದೀತು, ಯೋಚಿಸಿ.

ಮೈದಾನ ಮತ್ತು ಅನುಮತಿ

ಸುತ್ತ 50 ಮೀಟರಿನಷ್ಟಾದರೂ ಬಯಲಿರುವ ಜಾಗ ಹುಡುಕಿ. ವಿದ್ಯುತ್ ತಂತಿ, ರಸ್ತೆ, ಜನವಸತಿ ಪಕ್ಕದಲ್ಲಿರಬಾರದು. ಅಕ್ಟೋಬರ್‌ನಲ್ಲಿ ಸುತ್ತಲಿನ ಹೊಲಗಳಲ್ಲಿ ರಾಗಿ ನಿಂತಿರುತ್ತದೆ. ಬಿದ್ದ ಬಾಟಲಿ ತರಲು ಹತ್ತು ಮಕ್ಕಳು ನುಗ್ಗಿದರೆ ರೈತರ ಬೆಳೆ ಹಾಳು. ಪಕ್ಕದ ಹೊಲದವರನ್ನು ಮೊದಲೇ ಕಂಡು ಮಾತಾಡಿ, ಬಾಟಲಿ ತರಲು ಒಬ್ಬರನ್ನೇ ನೇಮಿಸಿ.

ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಪಂಚಾಯಿತಿಯದಾದರೆ ಪಿಡಿಒ, ಖಾಸಗಿ ಜಮೀನಾದರೆ ಮಾಲೀಕರು ಲಿಖಿತ ಒಪ್ಪಿಗೆ ಕೊಡಬೇಕು. ಸ್ಥಳೀಯ ಪೊಲೀಸ್ ಠಾಣೆಗೂ ಒಂದು ಪತ್ರ ಕೊಡಿ. ದಿನ, ವೇಳೆ, ಜಾಗ, ಮಕ್ಕಳ ಸಂಖ್ಯೆ, ಹೊಣೆ ಹೊತ್ತವರ ಹೆಸರು ಮತ್ತು ಫೋನ್ ನಂಬರ್ ಅದರಲ್ಲಿರಲಿ. ‘ಸ್ಫೋಟಕ, ಬೆಂಕಿ ಬಳಸುವುದಿಲ್ಲ, ನೀರು ಮತ್ತು ಗಾಳಿ ಮಾತ್ರ’ ಎಂಬ ಸಾಲನ್ನು ಮರೆಯಬೇಡಿ. ‘ರಾಕೆಟ್’ ಎಂದಷ್ಟೇ ಬರೆದರೆ ಓದಿದವರಿಗೆ ಗಾಬರಿಯಾಗುವುದು ಸಹಜ. ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೆಂಗಳೂರಿನ ಯಲಹಂಕ, ಜಕ್ಕೂರು, ಎಚ್‌ಎಎಲ್‌ನಂತಹ ವಿಮಾನ ಓಡಾಟದ ಜಾಗಗಳ ಹತ್ತಿರ ಹಾರಿಸುವ ಯೋಚನೆಯನ್ನೇ ಬಿಡಿ, ಊರ ಹೊರಗಿನ ಮೈದಾನ ನೋಡಿ. ಪ್ರತಿ ಮಗುವಿನ ತಂದೆ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರವೂ ಕಡತದಲ್ಲಿರಲಿ.

ಬಾಟಲಿಯ ಪರೀಕ್ಷೆ

ಸೋಡಾ, ಕೋಲಾ ತುಂಬಿ ಬರುವ 2 ಲೀಟರಿನ ದುಂಡನೆಯ ಬಾಟಲಿಯೇ ಬೇಕು. ಅದು ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಆಗದು. ರೆಕ್ಕೆಗಳಿಗೆ ಹಳೆಯ ಪ್ಲಾಸ್ಟಿಕ್ ಫೈಲು ಸಾಕು, ಟೇಪಿನಿಂದ ಅಂಟಿಸಿ. ಬಿಸಿ ಅಂಟಿನ ಗನ್ ತಾಗಿಸಿದರೆ ಬಾಟಲಿ ದುರ್ಬಲವಾಗುತ್ತದೆ. ಮೂತಿಗೆ ಸ್ಪಂಜು ಅಥವಾ ಮೆತ್ತನೆಯ ಚೆಂಡು ಕಟ್ಟಿ. ಮೊಳೆ, ತಗಡು, ಮರದ ತುಂಡು ಬೇಡ.

ಹಾರಿಸುವ ಮುನ್ನಾದಿನ ಒಂದು ಪರೀಕ್ಷೆ ಆಗಲೇಬೇಕು. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಟಲಿಗೆ ಗಾಳಿಗೆ ಜಾಗವೇ ಇಲ್ಲದಂತೆ ಕಂಠಪೂರ್ತಿ ನೀರು ತುಂಬಿ, ರಾಕೆಟನ್ನು ಹಿಡಿದಿಟ್ಟು ಬಿಡುವ ಲಾಂಚರಿಗೆ ಕೂರಿಸಿ, ಗೋಡೆಯ ಮರೆಯಲ್ಲಿ ನಿಂತು 75 ಪಿಎಸ್‌ಐವರೆಗೆ ಪಂಪು ಒತ್ತಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಆದ್ದರಿಂದ ಬಾಟಲಿ ಒಡೆದರೂ ಸಿಡಿಯುವ ಬಲ ತೀರಾ ಕಡಿಮೆ. ತಡೆದುಕೊಂಡ ಬಾಟಲಿಯನ್ನು ಮಾತ್ರ ಮೈದಾನಕ್ಕೆ ಒಯ್ಯಿರಿ, ಅಲ್ಲಿ 50 ಪಿಎಸ್‌ಐ ದಾಟಿಸಬೇಡಿ. ಪ್ರತಿ ಹಾರಾಟದ ನಂತರ ಬೆಳಕಿಗೆ ಹಿಡಿದು ನೋಡಿ. ಬಿಳಿ ಗೆರೆ, ಮಡಿಕೆ ಕಂಡರೆ ಆ ಬಾಟಲಿ ಗುಜರಿಗೆ.

ಇನ್ನೊಂದು ಪರೀಕ್ಷೆ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಖಾಲಿ ರಾಕೆಟ್ ಸಮತೋಲವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸಾಗಿದರೆ ಅದು ನೆಟ್ಟಗೆ ಹಾರುತ್ತದೆ. ಬಾಲ ಮುಂದಾದರೆ ಮೂತಿಯಲ್ಲಿ ಒಂದಿಷ್ಟು ಜೇಡಿಮಣ್ಣು ಸೇರಿಸಿ ಮತ್ತೆ ಬೀಸಿ.

ಹಾರಿಸುವ ದಿನ

ಬೆಳಿಗ್ಗೆ ಗಾಳಿ ಕಡಿಮೆ, ಆಗಲೇ ಶುರು ಮಾಡಿ. ಲಾಂಚರಿನಿಂದ ಪಂಪಿಗೆ 5 ಮೀಟರ್ ಪೈಪು, ಅಷ್ಟೇ ಉದ್ದದ ಬಿಡುಗಡೆ ಹಗ್ಗ. ಪೈಪಿಗೆ ಪಂಪಿನ ಬಳಿಯೇ ಗಾಳಿ ಬಿಡುವ ವಾಲ್ವ್ ಕಡ್ಡಾಯ. ಹಗ್ಗ ಎಳೆದರೂ ರಾಕೆಟ್ ಹಾರದೆ ಕೂತರೆ ಯಾರೂ ಹತ್ತಿರ ಹೋಗಬಾರದು. ವಾಲ್ವ್ ತೆರೆದು, ಗೇಜಿನ ಮುಳ್ಳು ಸೊನ್ನೆಗೆ ಬಂದು, ಒಂದು ನಿಮಿಷ ಕಳೆದ ಮೇಲೆಯೇ ಹಿರಿಯರೊಬ್ಬರು ಹೋಗಿ ನೋಡಲಿ. ನೋಡುವವರನ್ನು 15 ಮೀಟರ್ ಆಚೆ ಹಗ್ಗ ಕಟ್ಟಿ ನಿಲ್ಲಿಸಿ. ಪಂಪು ಒತ್ತುವವರಿಗೆ ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್ ಇರಲಿ. ಬೀಳುವ ಬಾಟಲಿಯನ್ನು ಕ್ಯಾಚ್ ಹಿಡಿಯಲು ಬಿಡಬೇಡಿ.

ಎಲ್ಲರ ಮೇಲೆ ಒಬ್ಬ ಸುರಕ್ಷತಾ ಅಧಿಕಾರಿ ಬೇಕು. ಪಂಪು, ಫೋಟೊ, ಸ್ವಾಗತ ಯಾವುದೂ ಅವರ ಕೆಲಸವಲ್ಲ. ಆಕಾಶ, ಗಾಳಿ, ಜನರನ್ನು ನೋಡಿ ‘ಸರಿ’ ಎನ್ನುವುದಷ್ಟೇ ಅವರ ಕೆಲಸ. ಆದರೆ ‘ನಿಲ್ಲಿಸಿ’ ಎನ್ನುವ ಹಕ್ಕು ಅತಿ ಚಿಕ್ಕ ಮಗುವಿಗೂ ಇರಲಿ. ಯಾರು ಕೂಗಿದರೂ ಎಣಿಕೆ ನಿಲ್ಲಬೇಕು, ಮುಖ್ಯ ಅತಿಥಿ ಕಾಯುತ್ತಿದ್ದರೂ ಸರಿ.

ಹಗ್ಗದ ಆಚೆಗಿನ ಮಕ್ಕಳಿಗೂ ಕೆಲಸ ಕೊಡಿ. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಲಾಂಚರಿನಿಂದ 30 ಮೀಟರ್ ದೂರದಲ್ಲಿ ನಿಂತರೆ ಎತ್ತರ ಅಳೆಯಬಹುದು. ನೆತ್ತಿಯ ಬಿಂದು 45 ಡಿಗ್ರಿಯಲ್ಲಿ ಕಂಡರೆ ರಾಕೆಟ್ ಏರಿದ್ದು 30 ಮೀಟರ್ ಮತ್ತು ಅಳೆದವರ ಕಣ್ಣಿನ ಎತ್ತರ. ನೀರಿನ ಪ್ರಮಾಣ ಬದಲಿಸಿ ಮತ್ತೆ ಹಾರಿಸಿ, ಬರೆದಿಟ್ಟುಕೊಳ್ಳಲಿ.

ರಾಕೆಟ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಕೋಲು, ಗಳ ಹಿಡಿದು ಹೋಗಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಅಂದಿನ ಕಾರ್ಯಕ್ರಮ ಅಲ್ಲಿಗೇ ಮುಗಿಯಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಡಿಸಲು ತಯಾರಾದ ಒಂದು ವಾಹನ ಮೈದಾನದಲ್ಲಿರಲಿ, 108 ಎಲ್ಲರಿಗೂ ಗೊತ್ತಿರಲಿ.

ಅಕ್ಟೋಬರ್ ಸಪ್ತಾಹಕ್ಕೆ ಹಾರಿಸಬೇಕೆಂದಿದ್ದರೆ ಅರ್ಜಿಗಳನ್ನು ಒಂದು ತಿಂಗಳ ಮೊದಲೇ ಕೊಡಿ. ಗಣೇಶೋತ್ಸವ, ದಸರಾ ಬಂದೋಬಸ್ತಿನ ನಡುವೆ ಠಾಣೆಯವರಿಗೆ ನಿಮ್ಮ ಮೈದಾನ ನೋಡಲು ಬಿಡುವು ಸಿಗುವುದು ಕಷ್ಟ.