ಜೆಕ್ ದೇಶದ ಕಾಯಿಲ್, ನಮ್ಮ ಆರು ವೋಲ್ಟಿನ ಜಾವಾ

ಗೆಳೆಯನ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಒಂದು ಜಾವಾ 250 ಇತ್ತು. ಅರವತ್ತರ ದಶಕದಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. "ಕಣ್ಣು ಪೂರ್ತಿ ಹೋಗೋದ್ರೊಳಗೆ ಅದನ್ನ ಒಂದ್ಸಲ ಓಡಿಸಿ ತೋರಿಸ್ರೋ" ಅಂತ ಅಜ್ಜ ಅಂದಿದ್ದೇ ನೆಪ. ನಾವು ನಾಲ್ಕು ಜನ ಪಾಕೆಟ್ ಮನಿ ಸೇರಿಸಿ ಶುರು ಹಚ್ಚಿಕೊಂಡೆವು. ಎಂಜಿನ್ ಕೆಲಸ ಸಲೀಸಾಗಿ ಮುಗಿಯಿತು, ಟೂ-ಸ್ಟ್ರೋಕ್‌ನಲ್ಲಿ ಬಿಚ್ಚೋಕೆ ಇರೋದೇ ಕಡಿಮೆ. ನಮ್ಮನ್ನು ಆಟ ಆಡಿಸಿದ್ದು ವಿದ್ಯುತ್ ಭಾಗ.

ಮೊದಲ ರಾತ್ರಿಯ ಟ್ರಯಲ್‌ನಲ್ಲೇ ಕೆರೆ ಏರಿಯ ಮೇಲೆ ಹೆಡ್‌ಲೈಟ್ ಹಳದಿಗೆ ತಿರುಗಿ, ಆಮೇಲೆ ಲೈಟು, ಎಂಜಿನ್ ಎರಡೂ ಒಟ್ಟಿಗೆ ಸತ್ತವು. ಹಿಂದೆ ಲಾರಿ ಬರುತ್ತಿತ್ತು. ಗಾಡಿಯನ್ನು ಏರಿಯ ಅಂಚಿಗೆ ತಳ್ಳಿ ನಿಂತಾಗ ನಮ್ಮ ಎದೆ ಬಡಿತ ನಮಗೇ ಕೇಳುತ್ತಿತ್ತು. ಈ ಗಾಡಿಯದು ಬ್ಯಾಟರಿ ಇಗ್ನಿಷನ್. ಬ್ಯಾಟರಿ ಖಾಲಿಯಾದರೆ ಸ್ಪಾರ್ಕ್ ಕೂಡ ಇಲ್ಲ ಅನ್ನೋದು ಅವತ್ತು ಸರಿಯಾಗಿ ತಲೆಗೆ ಹೋಯಿತು.

ಮರುದಿನ ಪೆನ್ನು ಹಿಡಿದು ಕೂತೆವು. ಡೈನಮೋ 6 ವೋಲ್ಟ್, 45 ವ್ಯಾಟ್. ಅಂದರೆ 7.5 ಆಂಪಿಯರ್. ಹೆಡ್‌ಲೈಟ್ 35 ವ್ಯಾಟ್, ಅದಕ್ಕೇ ಹತ್ತಿರ ಹತ್ತಿರ 5.8 ಆಂಪಿಯರ್. ಹಿಂದಿನ 5 ವ್ಯಾಟಿನ ದೀಪಕ್ಕೆ 0.8. ಇಗ್ನಿಷನ್ ಕಾಯಿಲ್ ಪಾಯಿಂಟ್ ಮುಚ್ಚಿದಾಗ ಸುಮಾರು 4 ಆಂಪಿಯರ್ ಎಳೆಯುತ್ತೆ. ಸುಮಾರು ಅರ್ಧ ಹೊತ್ತು ಮಾತ್ರ ಮುಚ್ಚಿರುತ್ತೆ ಅಂತ ಇಟ್ಟುಕೊಂಡರೂ ಸರಾಸರಿ 2. ಕೂಡಿಸಿದರೆ 8.6! ರಾತ್ರಿ ಹೊತ್ತು ಖರ್ಚು ಆದಾಯಕ್ಕಿಂತ ಜಾಸ್ತಿ, ವ್ಯತ್ಯಾಸ ತುಂಬೋದು ಬ್ಯಾಟರಿ. ಹೊಸ ಸ್ಥಿತಿಯಲ್ಲೇ ಹೀಗಿದ್ದರೆ, ಸವೆದ ಬ್ರಷ್, ತುಕ್ಕು ಹಿಡಿದ ಟರ್ಮಿನಲ್ ಇರುವಾಗ ಕೇಳಬೇಕೆ? ಹಳೇ ವೈರಿಂಗಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ 12 ವೋಲ್ಟ್ ಗಾಡಿಗೆ ಶೇ. 4 ನಷ್ಟ, ನಮ್ಮದಕ್ಕೆ ಶೇ. 8. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಲ್ಲಿ ಬದಲಾಗುವುದರಿಂದ ಆ ಅರ್ಧ ವೋಲ್ಟೇ ಕಾಲು ಭಾಗ ಬೆಳಕನ್ನು ನುಂಗಿಬಿಡುತ್ತೆ. ಹೊರದೇಶದಿಂದ ಏನನ್ನಾದರೂ ತರಿಸುವ ಮೊದಲು ಹತ್ತು ರೂಪಾಯಿಯ ಎಮರಿ ಪೇಪರಿನಲ್ಲಿ ಅರ್ತ್ ಪಾಯಿಂಟ್ ಉಜ್ಜಿ ನೋಡಿ ಅಂತ ನಾವು ಹೇಳೋದು ಇದಕ್ಕೇ.

ಉಜ್ಜಿಯೂ ನಮ್ಮ ಹಳೇ ಕಾಯಿಲ್ ಬಿಸಿಯಾದ ಮೇಲೆ ಸ್ಪಾರ್ಕ್ ಕೊಡುತ್ತಿರಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಜಾವಾದ ತವರು ಜೆಕ್ ದೇಶದಲ್ಲಿ ಈಗಲೂ ಹಳೇ ಗಾಡಿಗಳ ಬಿಡಿಭಾಗ ಮಾರುತ್ತಾರೆ. "ಜಾವಾ ಇಗ್ನಿಷನ್ ಕಾಯಿಲ್" ಅಂತ ಹುಡುಕಿ, ಚಿತ್ರ ನೋಡಿ, ಆರ್ಡರ್ ಮಾಡಿಬಿಟ್ಟೆವು. ವಾರಗಟ್ಟಲೆ ಕಾದೆವು. ಬಂತು, ಕೂತಿತು, ಗಾಡಿ ಕೆಮ್ಮಿತು. ಮಲ್ಟಿಮೀಟರ್ ಇಟ್ಟರೆ ಪ್ರೈಮರಿ ರೆಸಿಸ್ಟೆನ್ಸ್ 3.4 ಓಮ್. ಹಳೆಯದು 1.6 ಇತ್ತು. ನಾವು ತರಿಸಿದ್ದು 12 ವೋಲ್ಟಿನ ಕಾಯಿಲ್, 1984ರಿಂದ ಬಂದ 638 ಮಾದರಿಯ 350 ಟ್ವಿನ್‌ಗೆ ಆಗುವಂಥದ್ದು. ಆರು ವೋಲ್ಟಿನಲ್ಲಿ ಅದರೊಳಗೆ ಹರಿಯೋದು 1.8 ಆಂಪಿಯರ್, ಹರಿಯಬೇಕಾದದ್ದು 3.75. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತೆ ಅಂತ ಮೊದಲ ವರ್ಷವೇ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಇಂಡಕ್ಟೆನ್ಸ್ ಒಂದೇ ಅಂತಿಟ್ಟುಕೊಂಡರೆ ಕಾಲು ಭಾಗಕ್ಕಿಂತ ಕಡಿಮೆ! ಮಾರಿದವರ ತಪ್ಪು ಏನಿಲ್ಲ, ಪುಟದಲ್ಲಿ 12 ವೋಲ್ಟ್ ಅಂತ ಬರೆದೇ ಇತ್ತು. ನಾವು ಚಿತ್ರ ಮಾತ್ರ ನೋಡಿದ್ದೆವು.

ಎರಡನೇ ಸಲ ಹುಷಾರಾದೆವು. "ಜಾವಾ" ಅನ್ನೋ ಹೆಸರು ವಿಳಾಸದಲ್ಲಿ ಬರೀ "ಬೆಂಗಳೂರು" ಅಂತ ಬರೆದ ಹಾಗೆ. 2018ರಲ್ಲಿ ಮರುಹುಟ್ಟು ಪಡೆದ ಹೊಸ ಜಾವಾಗಳೂ ಅದೇ ಹುಡುಕಾಟದಲ್ಲಿ ಸಿಗುತ್ತವೆ. ನಮ್ಮದು 353 ಮಾದರಿ, ಅಲ್ಲಿನವರ ಬಾಯಲ್ಲಿ "ಕೀವಾಚ್ಕಾ". ಆ ಒಂದು ಪದ ಹಾಕಿದ ಕೂಡಲೇ ಅರ್ಧ ಕಸ ಸೋಸಿಹೋಯಿತು. ಇಗ್ನಿಷನ್ ಕಾಯಿಲಿಗೆ "ಜಪಲೊವಾತ್ಸಿ ತ್ಸೀಫ್ಕಾ" ಅನ್ನುತ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಅದೀಗ ಬೈಗುಳ. ಇನ್ನೊಂದು ಗಮನಿಸಿ: ಅವರ ದಶಮಾಂಶಕ್ಕೆ ಚುಕ್ಕಿ ಇಲ್ಲ, ಅಲ್ಪವಿರಾಮ. 1,6 ಓಮ್ ಅಂದರೆ ನಮ್ಮ 1.6. ಬೆಲೆ ಓದುವಾಗಲೂ ಇದು ನೆನಪಿರಲಿ, ಇಲ್ಲಾಂದ್ರೆ ಎದೆ ಒಡೆಯುತ್ತೆ.

ಭಾಷೆ ಬಾರದಿದ್ದರೂ ನಮ್ಮ ಕೈ ಹಿಡಿದದ್ದು ಟರ್ಮಿನಲ್ ಮೇಲಿನ ಅಂಕಿಗಳು. ಜರ್ಮನಿಯ ಡಿಐಎನ್ 72552 ಅನ್ನೋ ಮಾನಕ ಯೂರೋಪಿನ ಬಹಳಷ್ಟು ಗಾಡಿಗಳಲ್ಲಿ ನಡೆಯುತ್ತೆ. 15 ಅಂದರೆ ಕೀಲಿ ತಿರುಗಿಸಿದಾಗ ಬರುವ ಪ್ಲಸ್, 30 ಬ್ಯಾಟರಿಯ ನೇರ ಪ್ಲಸ್, 31 ಅರ್ತ್, 1 ಕಾಯಿಲಿನಿಂದ ಪಾಯಿಂಟಿಗೆ, 4 ಹೈ ಟೆನ್ಷನ್, 61 ಚಾರ್ಜಿಂಗ್ ದೀಪ. ಮಾರುವವರಿಗೆ ಹಳೇ ಭಾಗದ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೋ, ಅದರ ಮೇಲೆ ಒತ್ತಿದ ಸಂಖ್ಯೆ, ಅಳೆದ ಓಮ್, ಎಂಜಿನ್ ನಂಬರಿನ ಮೊದಲ ಅಂಕಿಗಳನ್ನು ಕಳಿಸಿದೆವು. ಇಂಗ್ಲಿಷ್ ವಾಕ್ಯಗಳಿಗಿಂತ ಆ ಅಂಕಿಗಳಿಗೇ ಬೇಗ ಉತ್ತರ ಬಂತು.

ರೆಗ್ಯುಲೇಟರ್ ತರಿಸುವವರು ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ? ಡೈನಮೋದ ಫೀಲ್ಡ್ ಸುರುಳಿಯ ಇನ್ನೊಂದು ತುದಿ ಒಳಗೇ ಅರ್ತ್ ಆಗಿದೆಯಾ, ಇಲ್ಲ ಬ್ರಷ್‌ಗೆ ಸೇರಿದೆಯಾ? ಇವು ತಪ್ಪಾದರೆ ಹಳೇ ರಿಲೇ ರೆಗ್ಯುಲೇಟರ್ ಒಂದಿಷ್ಟು ತಡೆದುಕೊಂಡೀತು, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕ್ಷಣದಲ್ಲಿ ಹೋಗುತ್ತೆ. ಬಲ್ಬಿನ ವಿಷಯದಲ್ಲಿ ವ್ಯಾಟ್ ಸಾಲದು, ಬುಡವೂ ಹೊಂದಬೇಕು: ಬಿಎ20ಡಿ ಬುಡದ ಹೋಲ್ಡರಿಗೆ ಪಿ45ಟಿ ಬಲ್ಬು ಎಷ್ಟು ಒತ್ತಿದರೂ ಕೂರಲ್ಲ.

ಇಡೀ ವ್ಯವಸ್ಥೆಯನ್ನೇ 12 ವೋಲ್ಟಿಗೆ ಬದಲಿಸುವ ಕಿಟ್‌ಗಳೂ ಇವೆ, ಜೆಕ್ ಕಂಪನಿ ವಾಪೆಯದು ಹೆಸರಾದದ್ದು. ಪಾಯಿಂಟ್ ಕಾಟವೇ ಇರಲ್ಲ, ಬೆಳಕೂ ಚೆನ್ನ. ದಿನಾ ಓಡಿಸುವವರಿಗೆ ನಾವು ಅದನ್ನೇ ಹೇಳುತ್ತೇವೆ. ಆದರೆ ಬ್ಯಾಟರಿ, ಹಾರ್ನ್, ಎಲ್ಲ ಬಲ್ಬೂ ಬದಲಾಗಬೇಕು, ಕ್ರ್ಯಾಂಕಿನ ಟೇಪರಿಗೆ ರೋಟರ್ ಹೊಂದಬೇಕು, ಜೇಬಿಗೂ ಹೊಂದಬೇಕು. ನಮ್ಮದು ಹೊಂದಲಿಲ್ಲ.

ಕಸ್ಟಮ್ಸ್ ಬಗ್ಗೆ ಒಂದೆರಡು ಮಾತು. ಸುಂಕ ಬೀಳೋದು ವಸ್ತುವಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ. ಇಗ್ನಿಷನ್ ಕಾಯಿಲ್, ಡೈನಮೋ 8511ರಲ್ಲಿ ಬರುತ್ತವೆ, ಲೈಟು, ಹಾರ್ನ್ 8512ರಲ್ಲಿ. ಇನ್‌ವಾಯ್ಸಿನಲ್ಲಿ ಭಾಗದ ಹೆಸರು ಸ್ಪಷ್ಟವಾಗಿರಲಿ. ಚಿಕ್ಕಪುಟ್ಟದ್ದನ್ನು ಒಂದೊಂದೇ ತರಿಸಬೇಡಿ, ಸಾಗಣೆಯೇ ನಿಮ್ಮನ್ನು ತಿನ್ನುತ್ತೆ. ಬ್ಯಾಟರಿಯನ್ನಂತೂ ಇಲ್ಲೇ ಕೊಳ್ಳಿ. ಆರ್ಮೇಚರ್ ಕೂಡ ನಾವು ತರಿಸಲಿಲ್ಲ, ಊರಿನ ಮೋಟಾರ್ ವೈಂಡಿಂಗ್ ಅಂಗಡಿಯವರು ಹಳೇ ತಂತಿಯ ದಪ್ಪ ಅಳೆದು, ಸುತ್ತು ಎಣಿಸಿ, ಹಾಗೇ ಸುತ್ತಿಕೊಟ್ಟರು.

ಸರಿಯಾದ ಕಾಯಿಲ್ 1.7 ಓಮ್ ತೋರಿಸಿತು. ಮೂರನೇ ಕಿಕ್ಕಿಗೆ ಗಾಡಿ ಹಿಡಿಯಿತು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಬ್ಯಾಟರಿ ತುದಿಯಲ್ಲಿ 7 ವೋಲ್ಟ್. ಅಜ್ಜ ಜಗಲಿಯಿಂದ ಇಳಿದು, ಹೆಡ್‌ಲೈಟಿನ ಗಾಜಿನ ಮೇಲೆ ಅಂಗೈ ಇಟ್ಟು, ಶಾಖ ನೋಡಿ, "ಹಾರ್ನ್ ಯಾಕ್ರೋ ಹೊಡೀತಿಲ್ಲ?" ಅಂದರು. ಹಾರ್ನ್ ಇನ್ನೂ ಬಿಚ್ಚಿಲ್ಲ, ಇಂಟರ್ನಲ್ಸ್ ಮುಗಿಯಲಿ.