ಹಾಡುವವರು ಹಾಡನ್ನು ತಾವೇ ರಚಿಸಬೇಕೇ?

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀಪುರಂದರದಾಸರ ಆರಾಧನೆಯ ಪುಣ್ಯದಿನ. ಅಂದು ಹಂಪೆಯ ಪುರಂದರ ಮಂಟಪವೇ ಮೊದಲಾಗಿ ಊರೂರಿನ ಮಠಮಂದಿರಗಳಲ್ಲಿ ದಾಸರ ಪದಗಳ ಗಾಯನವು ಜರುಗುತ್ತದೆ. ಪಿಳ್ಳಾರಿ ಗೀತೆಯನ್ನು ಈಗತಾನೆ ಕಲಿತ ಮಕ್ಕಳಿಂದ ಹಿಡಿದು ವಯೋವೃದ್ಧ ಮಾತೆಯರವರೆಗೆ ಎಲ್ಲರೂ ತಮ್ಮ ಕಂಠಸೇವೆಯನ್ನು ಸಲ್ಲಿಸುತ್ತಾರೆ.

ಇಂತಹ ಒಂದು ಸಂದರ್ಭದಲ್ಲಿ ಭಜನೆಯು ಮುಗಿದು ಮಂಗಳಾರತಿಯಾದ ಮೇಲೆ, ಸಂಗೀತವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿರುವ ಒಬ್ಬ ಹುಡುಗಿ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. “ನಾವು ಹಾಡುವುದೆಲ್ಲವೂ ಇನ್ನೊಬ್ಬರು ಕಟ್ಟಿದ ಹಾಡು. ತನ್ನ ಹಾಡನ್ನು ತಾನೇ ಬರೆದು ಹಾಡುವವನೇ ನಿಜವಾದ ಕಲಾವಿದ, ಉಳಿದವರದು ಗಿಳಿಪಾಠ ಎಂದು ನನ್ನ ಸಹಪಾಠಿಗಳು ಹೇಳುತ್ತಾರೆ. ದಾಸರು ಸಹ ತಮ್ಮ ಪದಗಳನ್ನು ತಾವೇ ರಚಿಸಿ ಹಾಡಿದರಲ್ಲವೇ? ಹಾಗಾದರೆ ನಾನು ಮಾಡುತ್ತಿರುವುದಕ್ಕೆ ಬೆಲೆ ಏನು?” ಎಂಬುದೇ ಆ ಪ್ರಶ್ನೆ. ಆಗ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದ್ದರಿಂದ ಆ ವಿಷಯವನ್ನು ಇಲ್ಲಿ ಸಾವಕಾಶವಾಗಿ ವಿಚಾರಿಸೋಣ.

ಗಿಳಿಯ ಪಾಠ

ಮೊದಲು ‘ಗಿಳಿಪಾಠ’ ಎಂಬ ಆಕ್ಷೇಪವನ್ನೇ ತೆಗೆದುಕೊಳ್ಳೋಣ. ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಪ್ರಹ್ಲಾದರಾಜರು ನವವಿಧ ಭಕ್ತಿಯನ್ನು ಹೇಳುವಾಗ ಶ್ರವಣ ಮತ್ತು ಕೀರ್ತನಗಳನ್ನು ಎಲ್ಲಕ್ಕಿಂತ ಮುಂದೆ ಎಣಿಸಿದ್ದಾರೆ. ಶ್ರವಣಭಕ್ತಿಗೆ ಪರೀಕ್ಷಿತ ಮಹಾರಾಜನನ್ನೂ ಕೀರ್ತನಭಕ್ತಿಗೆ ಶ್ರೀಶುಕಾಚಾರ್ಯರನ್ನೂ ಹಿರಿಯರು ಉದಾಹರಣೆಯಾಗಿ ಹೇಳುತ್ತಾ ಬಂದಿದ್ದಾರೆ. ಗಂಗಾತೀರದಲ್ಲಿ ಏಳು ದಿನಗಳ ಕಾಲ ಶುಕರು ಪರೀಕ್ಷಿತನಿಗೆ ಉಪದೇಶಿಸಿದ ಭಾಗವತವು ಯಾರ ರಚನೆ? ಅದು ಅವರ ತಂದೆಯವರಾದ ಶ್ರೀವೇದವ್ಯಾಸದೇವರ ರಚನೆ. ಕೀರ್ತನಕ್ಕೆ ಆದರ್ಶವೆನಿಸಿದವರು ತಾವು ರಚಿಸದ ಗ್ರಂಥವನ್ನೇ ಕೀರ್ತಿಸಿದರು ಎಂಬುದು ಗಮನಿಸಬೇಕಾದ ಅಂಶ.

‘ಶುಕ’ ಎಂಬ ಶಬ್ದಕ್ಕೆ ಗಿಳಿ ಎಂದೇ ಅರ್ಥ. ಗಿಳಿ ಕಚ್ಚಿದ ಹಣ್ಣು ಬಲು ಸಿಹಿ ಎಂಬುದು ಲೋಕಾನುಭವ. ಶುಕಮುಖದಿಂದ ಬಂದದ್ದರಿಂದ ಭಾಗವತಫಲಕ್ಕೆ ಮಾಧುರ್ಯವು ಕೂಡಿತೆಂದು ಆ ಗ್ರಂಥದ ಆರಂಭದಲ್ಲಿಯೇ ವರ್ಣನೆಯಿದೆ. ಹಣ್ಣನ್ನು ಬೆಳೆದದ್ದು ಗಿಳಿಯಲ್ಲ. ಆದರೆ ಯಾವುದು ಪಕ್ವವಾದ ಹಣ್ಣು ಎಂದು ಗಿಳಿಗೆ ತಿಳಿದಿದೆ. ಈ ದೃಷ್ಟಿಯಿಂದ ನೋಡಿದರೆ ಗಿಳಿಪಾಠವೆಂಬುದು ನಿಂದೆಯ ಮಾತಾಗಿ ಉಳಿಯುವುದಿಲ್ಲ.

ಇನ್ನೊಂದು ನಿದರ್ಶನವು ಶ್ರೀಮದ್ರಾಮಾಯಣದಲ್ಲಿದೆ. ವಾಲ್ಮೀಕಿ ಮಹರ್ಷಿಗಳು ಕಾವ್ಯವನ್ನು ರಚಿಸಿದ ಮೇಲೆ ಅದನ್ನು ಸ್ವರಬದ್ಧವಾಗಿ ಹಾಡಬಲ್ಲ ಕಂಠಗಳನ್ನು ಹುಡುಕಿ, ಕುಶಲವರಿಗೆ ಕಲಿಸಿದರು. ಆ ಬಾಲಕರು ಶ್ರೀರಾಮಚಂದ್ರದೇವರ ಸನ್ನಿಧಿಯಲ್ಲಿಯೇ ಅದನ್ನು ಗಾನಮಾಡಿದರು. ಪ್ರಭುವು ಬಂಗಾರದ ನಾಣ್ಯಗಳನ್ನು ಕೊಡಿಸಲು ಹೋದಾಗ, ಕಾಡಿನಲ್ಲಿ ಕಂದಮೂಲಗಳಿಂದ ಜೀವಿಸುವ ತಮಗೆ ಅದರಿಂದೇನು ಪ್ರಯೋಜನವೆಂದು ನಿರಾಕರಿಸಿದರು. ಈ ಕಾವ್ಯದ ಕರ್ತೃ ಯಾರೆಂದು ಪ್ರಭುವು ಕೇಳಿದಾಗ ಸ್ವಲ್ಪವೂ ಮುಚ್ಚಿಡದೆ ವಾಲ್ಮೀಕಿಗಳ ಹೆಸರನ್ನು ಹೇಳಿದರು. ರಚಿಸಿದವರನ್ನು ಮರೆಯದಿರುವುದು, ಹಾಡಿದ ಮಾತ್ರಕ್ಕೆ ತನ್ನದೆಂದು ಭಾವಿಸದಿರುವುದು, ಇವೆರಡೂ ಗಾಯಕನ ಧರ್ಮವೆಂದು ಈ ಪ್ರಸಂಗದಿಂದ ತಿಳಿಯುತ್ತದೆ.

ದಾಸರು ರಚಿಸಿದರಲ್ಲವೇ?

ಇನ್ನು ಪ್ರಶ್ನೆಯ ಎರಡನೆಯ ಭಾಗ. ದಾಸರು ತಾವೇ ರಚಿಸಿ ಹಾಡಿದರೆಂಬುದು ನಿಜ. ಆದರೆ ಅವರು ಯಾವ ಕ್ರಮದಲ್ಲಿ ರಚನೆಗೆ ಬಂದರು, ರಚಿಸಿದ್ದನ್ನು ಯಾರ ಹೆಸರಿನಲ್ಲಿ ಮುಗಿಸಿದರು ಎಂಬುದನ್ನು ನೋಡಬೇಕು.

ಅಂಕಿತವೆಂದರೆ ಗುರುತು. ಶ್ರೀಪಾದರಾಜರ ಕೃತಿಗಳಿಗೆ ‘ರಂಗವಿಠಲ’, ಶ್ರೀವಾದಿರಾಜರ ಕೃತಿಗಳಿಗೆ ‘ಹಯವದನ’, ಕನಕದಾಸರ ಕೃತಿಗಳಿಗೆ ‘ಕಾಗಿನೆಲೆಯಾದಿಕೇಶವ’, ಹೆಳವನಕಟ್ಟೆ ಗಿರಿಯಮ್ಮನವರ ಕೃತಿಗಳಿಗೆ ‘ಹೆಳವನಕಟ್ಟೆ ರಂಗ’, ಹರಪನಹಳ್ಳಿ ಭೀಮವ್ವನವರ ಕೃತಿಗಳಿಗೆ ‘ಭೀಮೇಶಕೃಷ್ಣ’ ಎಂಬುದು ಗುರುತಾಗಿದೆ. ಇವುಗಳಲ್ಲಿ ಒಂದಾದರೂ ಕವಿಯ ಸ್ವಂತ ಹೆಸರೇ? ಎಲ್ಲವೂ ಭಗವಂತನ ಹೆಸರುಗಳು. ಸಹಿ ಹಾಕಬೇಕಾದ ಸ್ಥಳದಲ್ಲಿ ಅವರು ಸ್ವಾಮಿಯ ಹೆಸರನ್ನು ಬರೆದರು. ಹೀಗೆ ರಚಿಸಿದವರೇ ‘ಇದು ನನ್ನದು’ ಎನ್ನದಿರುವಾಗ, ಹಾಡುವವರು ‘ಇದು ನನ್ನದಲ್ಲವಲ್ಲ’ ಎಂದು ಕೊರಗಲು ಕಾರಣವೆಲ್ಲಿದೆ?

ರಚನೆಯ ಅಧಿಕಾರವು ಲಭಿಸಿದ ಬಗೆಗೆ ಮಾನವಿಯ ಶ್ರೀಜಗನ್ನಾಥದಾಸರ (1728–1809) ಚರಿತ್ರೆಯೇ ಸಾಕು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಪದ ಹಾಡುವ ಶ್ರೀವಿಜಯದಾಸರನ್ನು ಅವರು ಲಘುವಾಗಿ ಕಂಡರೆಂದೂ, ಅದರ ಫಲವಾಗಿ ಉದರವ್ಯಾಧಿಯಿಂದ ಬಳಲಿದರೆಂದೂ, ಕಡೆಗೆ ಶ್ರೀಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಹರಿಕಥಾಮೃತಸಾರದಂತಹ ಮಹಾಕೃತಿಯು ಭಾಮಿನೀ ಷಟ್ಪದಿಯಲ್ಲಿ ಅವರಿಂದ ಹೊರಹೊಮ್ಮಿದ್ದು ಅದರ ತರುವಾಯ. ಪಾಂಡಿತ್ಯವು ಮೊದಲೇ ಇತ್ತು, ಭಾಷೆಯೂ ಇತ್ತು. ಇನ್ನೊಬ್ಬರ ಪದಗಳ ಮುಂದೆ ತಲೆಬಾಗುವ ಗುಣವೊಂದು ಬರಬೇಕಾಗಿತ್ತು. ಅದು ಬಂದ ಮೇಲೆ ರಚನೆಯು ತಾನಾಗಿ ಬಂದಿತು. ಆದುದರಿಂದ ದಾಸರು ಮೊದಲು ಕೇಳುಗರು, ಅನಂತರ ಹಾಡುಗರು, ಕಡೆಯಲ್ಲಿ ಕವಿಗಳು ಎಂದು ನಾವು ತಿಳಿಯಬೇಕು.

ಕಂಠವೇ ಭಂಡಾರ

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ರಚಿಸದೆ ಹಾಡಿದವರು ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು?

ಶ್ರೀಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಸುಳಾದಿಗಳನ್ನು ರಚಿಸಿದರೆಂಬುದು ಸಂಪ್ರದಾಯದ ಮಾತು. ಇಂದು ದೊರೆತಿರುವುದು ಸಾವಿರದ ಲೆಕ್ಕದಲ್ಲಿ ಮಾತ್ರ. ಸಂಪ್ರದಾಯದ ಸಂಖ್ಯೆಯನ್ನು ಹೇಗೆ ಅರ್ಥಮಾಡಿಕೊಂಡರೂ, ನಾವು ಕಳೆದುಕೊಂಡದ್ದು ಉಳಿಸಿಕೊಂಡದ್ದಕ್ಕಿಂತ ಬಹಳ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ. ಹೀಗೆ ನಷ್ಟವಾದದ್ದು ರಚಿಸುವವರು ಇಲ್ಲದೆ ಅಲ್ಲ. ಮುಂದಿನವರ ಕಿವಿಗೆ ಮುಟ್ಟಿಸುವವರು ಇಲ್ಲದೆ.

ದಾಸರಾಯರು ಹರಿಪಾದವನ್ನು ಸೇರಿದ್ದು 1564ರಲ್ಲಿ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು 1850ರಲ್ಲಿ. ನಡುವಿನ ಸುಮಾರು ಮುನ್ನೂರು ವರ್ಷಗಳ ಕಾಲ ಈ ಸಾಹಿತ್ಯವನ್ನು ಕಾಪಾಡಿದ್ದು ಕೆಲವು ಓಲೆಗರಿಗಳು, ಕೆಲವು ಕೈಬರಹದ ಹೊತ್ತಗೆಗಳು, ಮತ್ತು ಮುಖ್ಯವಾಗಿ ಅಸಂಖ್ಯಾತರ ಕಂಠಗಳು. ಬೆಳಗಿನ ಝಾವ ಅಂಗಳ ಸಾರಿಸುತ್ತಾ, ಮಜ್ಜಿಗೆ ಕಡೆಯುತ್ತಾ, ತೊಟ್ಟಿಲು ತೂಗುತ್ತಾ ಹಾಡಿದ ತಾಯಂದಿರು ಅವರಲ್ಲಿ ಬಹುಮಂದಿ. ಶ್ರೀವಾದಿರಾಜರ ಲಕ್ಷ್ಮೀಶೋಭಾನೆಯು ಇಂದಿಗೂ ಮದುವೆಯ ಮನೆಗಳಲ್ಲಿ ಕೇಳಿಬರುತ್ತಿರುವುದು ಯಾರಿಂದ? ಹೆಸರೂ ಉಳಿಯದ ಆ ಮುತ್ತೈದೆಯರಿಂದ. ಅವರಲ್ಲಿ ಹೆಚ್ಚಿನವರು ಒಂದು ಸಾಲನ್ನೂ ರಚಿಸಿದವರಲ್ಲ. ಆದರೂ ಅವರಿಲ್ಲದಿದ್ದರೆ ನಮ್ಮ ಪಾಲಿಗೆ ದಾಸಸಾಹಿತ್ಯವು ಗ್ರಂಥಾಲಯದ ವಸ್ತುವಾಗುತ್ತಿತ್ತು.

ಇನ್ನೂ ಒಂದು ವಿಷಯವಿದೆ. ದಾಸರು ಹಾಡಿದ ಮೂಲ ಧಾಟಿಗಳು ಬಹುಪಾಲು ನಮಗೆ ಉಳಿದುಬಂದಿಲ್ಲ. ಇಂದು ಕಚೇರಿಗಳಲ್ಲಿ ಕೇಳುವ ರಾಗಸಂಯೋಜನೆಗಳಲ್ಲಿ ಅನೇಕವು ಇತ್ತೀಚಿನ ಗಾಯಕರು ಅಳವಡಿಸಿದವು. ಶ್ರೀಮತಿ ಎಂ. ಎಲ್. ವಸಂತಕುಮಾರಿಯವರು (1928–1990) ದಾಸರ ಪದಗಳನ್ನು ಕರ್ನಾಟಕ ಸಂಗೀತದ ವೇದಿಕೆಯಲ್ಲಿ ನೆಲೆಗೊಳಿಸಿದರು. ಪಂಡಿತ ಭೀಮಸೇನ ಜೋಶಿಯವರು (1922–2011) ಅವುಗಳನ್ನೇ ಹಿಂದೂಸ್ತಾನೀ ರಾಗಗಳಲ್ಲಿ ‘ದಾಸವಾಣಿ’ಯಾಗಿ ಹಾಡಿ ಕನ್ನಡ ಬಾರದವರ ಕಣ್ಣಲ್ಲಿಯೂ ನೀರು ತರಿಸಿದರು. ಸಾಹಿತ್ಯವು ದಾಸರದು, ದನಿಯು ಅವರದು. ಇವುಗಳಲ್ಲಿ ಒಂದನ್ನು ತೆಗೆದರೂ ಹಾಡಿಲ್ಲ.

ನಮ್ಮ ಮನೆಯ ಹೊತ್ತಗೆ

ಈ ಮಾತನ್ನು ಬರೆಯುವಾಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದಿರಲಾರೆವು. ನಮ್ಮ ಅಜ್ಜಿಯವರ ಕೈಬರಹದ ಹಾಡಿನ ಪುಸ್ತಕವೊಂದು ನಮ್ಮಲ್ಲಿದೆ. ಪ್ರತಿ ಹಾಡಿನ ಮೇಲ್ಗಡೆ ‘ಧಾಟಿ’ ಎಂದು ಬರೆದು, ಯಾವ ಹಾಡಿನಂತೆ ಇದನ್ನು ಹಾಡಬೇಕೆಂಬುದನ್ನು ಅವರು ಗುರುತು ಹಾಕಿದ್ದಾರೆ. ಆ ಇನ್ನೊಂದು ಹಾಡನ್ನು ಬಲ್ಲವರು ಈಗ ಮನೆಯಲ್ಲಿ ಯಾರೂ ಇಲ್ಲ. ಅಕ್ಷರಗಳು ಸ್ಪಷ್ಟವಾಗಿವೆ, ಅರ್ಥವೂ ಆಗುತ್ತದೆ, ಆದರೆ ಹಾಡಲು ಬರುವುದಿಲ್ಲ. ಅವರು ದೇವರ ಮುಂದೆ ಕುಳಿತು ಹಾಡುತ್ತಿದ್ದಾಗ ನಾವು ಪಾಠಪ್ರವಚನಗಳ ನೆಪದಲ್ಲಿ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆವು. ಹೆಂಗಸರ ಹಾಡು ತಾನೇ ಎಂಬ ಉದಾಸೀನವೂ ನಮ್ಮಲ್ಲಿತ್ತು. ದೊಡ್ಡ ಗ್ರಂಥಗಳನ್ನು ಓದಲು ಹೋಗಿ ಕಿವಿಯ ಬಳಿಯೇ ಇದ್ದುದನ್ನು ಕಳೆದುಕೊಂಡೆವು. ಆ ಹುಡುಗಿಯ ಪ್ರಶ್ನೆಗೆ ಅಂದು ನಮ್ಮ ಬಾಯಿ ಕಟ್ಟಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಹಾಡುವುದನ್ನು ಕಲಿಯದೆ ಬಿಟ್ಟವರು ಹಾಡುವವಳಿಗೆ ಏನು ಉಪದೇಶ ಮಾಡಿಯಾರು?

ಹಾಡುವವರ ಹೊಣೆ

ಹಾಗಾದರೆ ರಚಿಸದಿದ್ದರೂ ಸಾಕು, ಹೇಗೆ ಹಾಡಿದರೂ ಸರಿ ಎಂದು ತಾತ್ಪರ್ಯವಲ್ಲ. ಹಾಡುವವರ ಮೇಲೆ ಹೊಣೆಯು ಬಹಳವಿದೆ.

ಮೊದಲನೆಯದು ಅರ್ಥಜ್ಞಾನ. ರಾಗದ ಅನುಕೂಲಕ್ಕಾಗಿ ಪದವನ್ನು ಎಲ್ಲೆಂದರಲ್ಲಿ ಮುರಿದರೆ ಅರ್ಥವು ಕೆಡುತ್ತದೆ, ಕೆಲವೊಮ್ಮೆ ಸ್ತುತಿಯು ವಿಪರೀತವಾಗುತ್ತದೆ. ಕಲಿಯುವ ಮುನ್ನ ಬಲ್ಲವರಿಂದ ಪದಚ್ಛೇದವನ್ನೂ ಪ್ರಮೇಯವನ್ನೂ ಕೇಳಿ ತಿಳಿಯಬೇಕು.

ಎರಡನೆಯದು ಅಂಕಿತದ ರಕ್ಷಣೆ. ಕಾಲಾವಕಾಶವಿಲ್ಲವೆಂದು ಕೊನೆಯ ಚರಣವನ್ನೇ ಬಿಟ್ಟು ಪಲ್ಲವಿಗೆ ಮರಳುವ ಅಭ್ಯಾಸವು ಕೆಲವೆಡೆ ಕಂಡುಬರುತ್ತದೆ. ಬಿಡುವುದಾದರೆ ನಡುವಿನ ಚರಣವನ್ನು ಬಿಡಲಿ. ಅಂಕಿತವನ್ನು ಬಿಟ್ಟರೆ ಹಾಡು ಯಾರಿಗೆ ಅರ್ಪಿತವೋ ಅವನ ಹೆಸರನ್ನೇ ಬಿಟ್ಟಂತೆ, ರಚಿಸಿದವರ ಗುರುತನ್ನೂ ಅಳಿಸಿದಂತೆ.

ಮೂರನೆಯದು ಭಾವ. ವಾದ್ಯವೈಭವಕ್ಕಿಂತ ಭಕ್ತಿಯೇ ಗಾನಕ್ಕೆ ಜೀವವೆಂದು ದಾಸರಾಯರೇ ತಿಳಿಸಿದ್ದಾರೆ. ದಾಸರ ಪದದಲ್ಲಿ ಪಶ್ಚಾತ್ತಾಪವಿರುವಾಗ ಹಾಡುವವರ ಮನಸ್ಸಿನಲ್ಲಿಯೂ ಅದರ ಒಂದಂಶವಾದರೂ ಇರಬೇಕು. ಆಗಲೇ ಇನ್ನೊಬ್ಬರ ಹಾಡು ನಮ್ಮ ಪ್ರಾರ್ಥನೆಯಾಗುತ್ತದೆ. ಶ್ರೀಮದಾಚಾರ್ಯರ ದ್ವಾದಶಸ್ತೋತ್ರವನ್ನು ನೈವೇದ್ಯಕಾಲದಲ್ಲಿ ಹೇಳುವಾಗ, ಇದು ನನ್ನ ರಚನೆಯಲ್ಲವೆಂದು ಯಾರಿಗಾದರೂ ಅನಿಸುವುದುಂಟೇ?

ಹೊಸದಾಗಿ ರಚಿಸಬಾರದೇ?

ಇಷ್ಟು ಹೇಳಿದ ಮೇಲೆ, ಹೊಸ ಹಾಡು ಕಟ್ಟಬಾರದೇ ಎಂಬ ಸಂದೇಹವು ಬರಬಹುದು. ಕಟ್ಟಬಾರದೆಂದಿದ್ದರೆ ಪುರಂದರದಾಸರ ತರುವಾಯ ವಿಜಯದಾಸರು (1682–1755) ಬರುತ್ತಿರಲಿಲ್ಲ, ಭೀಮವ್ವನವರೂ ಬರುತ್ತಿರಲಿಲ್ಲ. ಪರಂಪರೆಯ ಬಾಗಿಲು ಮುಚ್ಚಿಲ್ಲ. ಮನಸ್ಸು ತುಂಬಿ ಎರಡು ನುಡಿ ಬಂದರೆ ಬರೆಯಲಿ, ದೇವರ ಮುಂದೆ ಹಾಡಲಿ, ಹಿರಿಯರಿಗೆ ತೋರಿಸಿ ತಿದ್ದಿಸಿಕೊಳ್ಳಲಿ. ಆದರೆ ಅಂಕಿತವು ಗುರುಗಳಿಂದ ಬರಬೇಕಾದದ್ದು. ಹಿಂದಿನ ದಾಸರ ಅಂಕಿತವನ್ನು ತನ್ನ ಹಾಡಿಗೆ ಹಾಕುವುದು ಸರ್ವಥಾ ಸಲ್ಲದು. ಒಂದೇ ಪದವು ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ಅಂಕಿತಗಳೊಡನೆ ದೊರೆತು, ಯಾವುದು ಯಾರದೆಂದು ನಿರ್ಣಯಿಸಲು ಸಂಪಾದಕರು ಕಷ್ಟಪಟ್ಟಿದ್ದಾರೆ. ಭಕ್ತಿಯಿಂದಲೇ ಮಾಡಿದರೂ ಅಂತಹ ಬೆರಕೆಯು ಮುಂದಿನವರಿಗೆ ತೊಡಕು.

ಉಪಸಂಹಾರ

ಆದುದರಿಂದ ಆ ಹುಡುಗಿಗೆ ನಾವು ಈಗ ಹೇಳುವ ಉತ್ತರವಿದು. ತಾಯೀ, ನೀನು ರಚಿಸಲೇಬೇಕೆಂಬ ನಿಯಮವಿಲ್ಲ. ರಚಿಸುವ ಯೋಗವಿದ್ದರೆ ಅದು ಹಾಡುವುದರ ಮೂಲಕವೇ ಬಂದೀತು. ಬಾರದಿದ್ದರೂ ನಿನ್ನ ಸೇವೆಗೆ ನ್ಯೂನತೆಯಿಲ್ಲ. ಕೇಳಿದ್ದನ್ನು ಕೆಡಿಸದೆ, ಅರ್ಥವರಿತು ಹಾಡಿ, ಇನ್ನೊಬ್ಬರಿಗೆ ಕಲಿಸುವವರೆಗೆ ನಿನ್ನ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡ.

ಓದುಗ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಈ ಆರಾಧನೆಯ ದಿನ ಅವರ ಬಳಿ ಕುಳಿತು ಒಂದು ಹಾಡನ್ನಾದರೂ ಧಾಟಿಸಹಿತವಾಗಿ ಕಲಿಯಿರಿ. ಕೈಯಲ್ಲಿರುವ ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದಿಡಿರಿ, ಆದರೆ ಅಷ್ಟಕ್ಕೇ ನಿಲ್ಲದೆ ನಿಮ್ಮ ಬಾಯಿಗೂ ತಂದುಕೊಳ್ಳಿರಿ. ಯಂತ್ರದಲ್ಲಿರುವ ಹಾಡು ಗುಂಡಿ ಒತ್ತಿದಾಗ ಮಾತ್ರ ಕೇಳಿಸುತ್ತದೆ. ಕಂಠದಲ್ಲಿರುವ ಹಾಡು ಕಷ್ಟಕಾಲದಲ್ಲಿ ತಾನಾಗಿ ಬಾಯಿಗೆ ಬರುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.